ಫರ್ಡಿನಾಂಡ್ ಕಿಟ್ಟೆಲ್: ಎರಡು ನಾಡುಗಳ ಋಣ

ಹೂವಿನಹಡಗಲಿ ತಾಲೂಕಿನ ಹೊಳಲು ಗ್ರಾಮವು ಅಲ್ಲಿಯ ಅನಂತಶಯನ ವಿಗ್ರಹದಿಂದಾಗಿ ತುಂಗಭದ್ರೆಯ ಎರಡು ದಡಗಳಲ್ಲಿಯೂ ಹೆಸರಾಗಿದೆ. ಹೊಸಪೇಟೆಯ ಬಳಿಯ ಅನಂತಶಯನಗುಡಿಗೆ ಬರಬೇಕಾಗಿದ್ದ ದೇವರು ಅಲ್ಲಿಗೆ ಹೋಗದೆ ಹೊಳಲಿನಲ್ಲಿಯೇ ನೆಲಸಿದನೆಂದೂ, ಅವನಿಗಾಗಿ ಎದ್ದ ಗುಡಿಯು ಬರಿದಾಗಿಯೇ ಉಳಿಯಿತೆಂದೂ ಜನರು ಹೇಳುತ್ತ ಬಂದಿದ್ದಾರೆ. ಊರಿನ ಈ ಕಥೆಯನ್ನು ಅನೇಕರು ಬಲ್ಲರು. ಊರಿನ ಹೆಸರಿನ ಅರ್ಥವನ್ನು ಬಲ್ಲವರು ವಿರಳ. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಪಕಾರವು ಹಕಾರವಾಗಿ, ಇಂದಿನ ವರ್ಣಮಾಲೆಯಿಂದ ಬಿಟ್ಟುಹೋದ ೞಕಾರವು ಳಕಾರವಾಗಿ, ಆ ಶಬ್ದವು ಹೊಳಲು ಎಂದಾಯಿತು. ಆಡುಮಾತಿನಿಂದ ಮರೆಯಾದ ಶಬ್ದವು ಊರ ಹೆಸರುಗಳಲ್ಲಿ ಮಾತ್ರ ಉಳಿದುಕೊಂಡಿದೆ. ಇಂಥ ಸಂಗತಿಯನ್ನು ತಿಳಿಯಬಯಸುವ ಕನ್ನಡಿಗನು ಇಂದಿಗೂ ಕೈಯಿಕ್ಕುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಒಂದು ನಿಘಂಟಿಗೆ. ಅದನ್ನು ರಚಿಸಿದವರು ಕನ್ನಡವನ್ನು ತಾಯಿಯಿಂದ ಕಲಿತವರಲ್ಲ. ಉತ್ತರಸಮುದ್ರದ ತೀರದ ಜರ್ಮನರು. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ಲರ ಪಾಂಡಿತ್ಯವನ್ನು ಕೊಂಡಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಆ ಪಾಂಡಿತ್ಯದ ಹಿಂದೆ ಒಂದು ಮನುಷ್ಯಜೀವಿತವಿತ್ತೆಂಬುದನ್ನು, ಆ ಜೀವಿತವು ಎರಡು ನಾಡುಗಳ ನಡುವೆ ಹರಿದು ಹಂಚಿಹೋಯಿತೆಂಬುದನ್ನು ಸ್ಮರಿಸುವವರು ಕಡಮೆ. ಬಂದ ನಾಡು ಅವರನ್ನು ಪೂರ್ಣವಾಗಿ ತನ್ನವನೆನ್ನಲಿಲ್ಲ. ಬಿಟ್ಟುಬಂದ ನಾಡು ಅವರು ಮರಳುವಷ್ಟರಲ್ಲಿ ಬೇರೆಯಾಗಿದ್ದಿತು. ಇಂಥವರ ಮನಸ್ಸು ಒಂದೇ ಬಣ್ಣದ್ದಾಗಿರುವುದೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಿಟ್ಟೆಲ್ಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. ಅದು ಕಡಲಿನ ನೀರನ್ನು ಮಣ್ಣಿನ ಏರಿಗಳಿಂದ ತಡೆದು ಬೇಸಾಯ ಮಾಡುವ ತಗ್ಗಾದ ಸೀಮೆ. ಆಗ ಅದು ಹನೋವರ್ ರಾಜ್ಯಕ್ಕೆ ಸೇರಿದ್ದಿತು. ತಂದೆಯು ಊರಿನ ಧರ್ಮಗುರು. 1850ರಲ್ಲಿ ಮಗನು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿ, ಮೂರು ವರ್ಷಗಳ ತರುವಾಯ, ಇಪ್ಪತ್ತೊಂದರ ಹರೆಯದಲ್ಲಿ, ಹಿಂದುಸ್ಥಾನಕ್ಕೆ ಹೊರಟನು. ಆ ಕಾಲದಲ್ಲಿ ಹೀಗೆ ಹೊರಟವನು ಮರಳಿ ತಂದೆತಾಯಿಗಳ ಮುಖವನ್ನು ಕಾಣುವೆನೆಂಬ ಭರವಸೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಬಾಸೆಲ್ ಮಿಶನ್ ನಮ್ಮ ನಾಡಿಗೆ ಬಂದುದು 1834ರಲ್ಲಿ. ಮಂಗಳೂರಿನಲ್ಲಿ ಮೊದಲು ನೆಲೆಯೂರಿ, ಬಳಿಕ ಧಾರವಾಡ, ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ ಅದು ತನ್ನ ಠಾಣೆಗಳನ್ನು ಹೂಡಿತು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಇದೇ ಮಿಶನ್ನಿನವರು. ಕಿಟ್ಟೆಲ್ಲರು ಮೊದಲು ಕೆಲಸಕ್ಕೆ ನಿಂತುದು ಧಾರವಾಡ ಸೀಮೆಯಲ್ಲಿ. ಜನರ ಭಾಷೆಯನ್ನು, ಕಾವ್ಯವನ್ನು, ನಡೆನುಡಿಯನ್ನು ಅರಿಯದವನು ಅವರೊಡನೆ ದೇವರ ಮಾತನ್ನು ಆಡಲಾರನೆಂದು ಅವರು ಬಗೆದರು. ಹಿಂದುಸ್ಥಾನದ ಜನರ ನಡುವೆ ಹಿಂದುಸ್ಥಾನದವನಾಗಿಯೇ ಬಾಳಬೇಕೆಂಬುದು ಅವರ ಹಂಬಲವಾಗಿದ್ದಿತು. ಊರೂರು ತಿರುಗಿದರು, ಪಂಡಿತರ ಬಳಿಯಲ್ಲಿ ಕುಳಿತು ಓದಿದರು.

ಈ ಹಂಬಲವೇ ಅವರ ಮೊದಲ ಕಷ್ಟಕ್ಕೆ ಕಾರಣವಾಯಿತು. ಐರೋಪ್ಯರು ತಮ್ಮ ಬಂಗಲೆಗಳಲ್ಲಿ ತಮ್ಮ ಪದ್ಧತಿಯಂತೆ ಇರತಕ್ಕದ್ದೆಂಬ ಭಾವನೆಯು ಮಿಶನ್ನಿನ ಅನೇಕರಲ್ಲಿದ್ದಿತು. ಹೊಸದಾಗಿ ಬಂದ ತರುಣನ ನಡೆ ಸಹೋದ್ಯೋಗಿಗಳಿಗೆ ರುಚಿಸಲಿಲ್ಲ. ಬಾಸೆಲ್ಲಿನ ಹಿರಿಯರಿಗೂ ಸಮಾಧಾನವಾಗಲಿಲ್ಲ. ಧಾರವಾಡವು ಕೈಬಿಟ್ಟಿತು. ಕೆಲಕಾಲ ನೀಲಗಿರಿಯಲ್ಲಿದ್ದು, 1857ರ ಹೊತ್ತಿಗೆ ಮಂಗಳೂರಿಗೆ ಬಂದರು. ಅಲ್ಲಿ ಮಿಶನ್ನಿನ ಮುದ್ರಣಾಲಯದ ಆಶ್ರಯವು ದೊರೆತುದು ಅವರ ಭಾಗ್ಯವೂ ಅಹುದು, ನಮ್ಮ ಭಾಗ್ಯವೂ ಅಹುದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಕಿಟ್ಟೆಲ್ಲರು ಕನ್ನಡದ ಸೇವೆಗೆಂದು ಬಂದವರಲ್ಲ. ನಮ್ಮ ಜನರ ಮತವನ್ನು ಬದಲಿಸುವುದಕ್ಕಾಗಿ ಬಂದವರು. ವೈದಿಕ ಯಜ್ಞವನ್ನು ಕುರಿತು ಅವರು ಬರೆದ ಯಜ್ಞಸುಧಾನಿಧಿ, ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಅಚ್ಚು ಮಾಡಿಸಿದ ಪುಸ್ತಕ, ಇವುಗಳಲ್ಲಿ ಅವರು ನಮ್ಮ ಧರ್ಮಗಳನ್ನು ಹೊರಗಿನವರ ಕಣ್ಣಿನಿಂದಲೇ ಪರೀಕ್ಷಿಸಿದ್ದಾರೆ. ಅವರ ತೀರ್ಮಾನಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅದೇ ಲೇಖನಿಯಿಂದ 1862ರಲ್ಲಿ ಕಥಾಮಾಲೆಯು ಹೊರಬಂದಿತು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ ಕಾವ್ಯವಿದು. ತನ್ನ ದೇವರನ್ನು ಇನ್ನೊಬ್ಬರ ಮಟ್ಟಿನಲ್ಲಿ ಹಾಡುವವನು ಆ ಇನ್ನೊಬ್ಬರ ಮನೆಯೊಳಕ್ಕೆ ಅರ್ಧ ಹೆಜ್ಜೆಯನ್ನಾದರೂ ಇಟ್ಟಿರುತ್ತಾನೆ. ಉಳಿದರ್ಧ ಹೆಜ್ಜೆಯನ್ನು ಅವರು ಇಡಲಿಲ್ಲ. ಇಡುವ ಮನಸ್ಸೂ ಅವರಿಗಿರಲಿಲ್ಲ. ಮತಪ್ರಸಾರಕರಾಗಿ ಅವರು ದೊಡ್ಡ ಜಯವನ್ನೇನೂ ಗಳಿಸಲಿಲ್ಲ. ಮಿಶನ್ನಿನವರಿಗೆ ಅವರು ಮಿತಿಮೀರಿ ಓದಿನಲ್ಲಿ ತೊಡಗಿದವರಾಗಿ ಕಂಡರೆ, ಊರವರಿಗೆ ಎಷ್ಟು ಕನ್ನಡ ಬಲ್ಲವರಾದರೂ ಪಾದ್ರಿಯೇ ಆಗಿದ್ದರು.

ಗೃಹಜೀವನದಲ್ಲಿಯೂ ಈ ಇಬ್ಬಗೆಯು ತಪ್ಪಲಿಲ್ಲ. 1860ರಲ್ಲಿ ಅವರು ಪೌಲಿನಾ ಐತ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾದರು. ನಾಲ್ಕು ವರ್ಷಗಳಲ್ಲಿಯೇ ಆಕೆಯು ತೀರಿಕೊಂಡಳು. ಮುಂದೆ 1867ರಲ್ಲಿ ಆಕೆಯ ಸಹೋದರಿ ಜೂಲಿಯನ್ನು ವರಿಸಿದರು. ಮಿಶನರಿಗಳ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಅಗಲಿ, ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಹೋಗುವುದು ಆಗಿನ ರೂಢಿ. ಅದಕ್ಕೋಸ್ಕರ ಬಾಸೆಲ್ಲಿನಲ್ಲಿ ಮಿಶನ್ನಿನ ಮಕ್ಕಳ ಮನೆಯೇ ಇದ್ದಿತು. ಪರನಾಡಿನ ಬಾಳುವೆಗೆ ಆ ಕುಟುಂಬಗಳು ತೆರುತ್ತಿದ್ದ ತೆರಿಗೆ ಇದು. ಈ ನಡುವೆ ಅವರ ಜನ್ಮಭೂಮಿಯ ರಾಜ್ಯವೇ ಭೂಪಟದಿಂದ ಅಳಿಸಿಹೋಯಿತು. 1866ರಲ್ಲಿ ಪ್ರಶ್ಯವು ಹನೋವರನ್ನು ನುಂಗಿತು; 1871ರಲ್ಲಿ ಜರ್ಮನ್ ಸಾಮ್ರಾಜ್ಯವು ಸ್ಥಾಪಿತವಾಯಿತು. ಇತ್ತ 1858ರಲ್ಲಿ ಕಂಪನಿ ಸರಕಾರವು ಹೋಗಿ ರಾಣಿಯ ಆಳಿಕೆಯು ಬಂದಿದ್ದಿತು. ಹೊರಟ ದಂಡೆಯೂ ಇಳಿದ ದಂಡೆಯೂ ಅವರ ಕಣ್ಣೆದುರಿನಲ್ಲಿಯೇ ಬದಲಾದುವು. ಬದಲಾಗದೆ ಅವರ ಪಾಲಿಗೆ ಉಳಿದುದು ಕನ್ನಡವೊಂದೇ ಎಂದರೆ ಹೆಚ್ಚಾಗಲಾರದು.

ಆ ಕನ್ನಡದ ಹಳೆಯ ಭಂಡಾರವು ಆಗ ಓಲೆಗರಿಗಳಲ್ಲಿ ಮುಚ್ಚಿಹೋಗಿದ್ದಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ಲರು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಎರಡನೆಯ ಗ್ರಂಥಕ್ಕೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಪ್ರಬಂಧವನ್ನು ಜೋಡಿಸಿದರು. ಕೊಡಗಿನ ನಂಬಿಕೆಗಳು, ಲಿಂಗಾಯತ ಪುರಾಣಕಥೆಗಳು ಮುಂತಾದ ವಿಷಯಗಳನ್ನು ಕುರಿತು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬರೆದರು.

ಅವರಿಗಿಂತ ಮೊದಲು ಕನ್ನಡಕ್ಕೆ ನಿಘಂಟುಗಳು ಇರಲಿಲ್ಲವೆಂದಲ್ಲ. ಬಳ್ಳಾರಿಯಲ್ಲಿ ಸೇವೆ ಮಾಡಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವರ ಕರ್ನಾಟಕ–ಇಂಗ್ಲಿಷ್ ಕೋಶವು 1832ರಲ್ಲಿ, ಎಂದರೆ ಕಿಟ್ಟೆಲ್ಲರು ಹುಟ್ಟಿದ ವರ್ಷದಲ್ಲಿಯೇ, ಮದ್ರಾಸಿನಲ್ಲಿ ಅಚ್ಚಾಗಿದ್ದಿತು. ಆದರೆ ಒಂದೊಂದು ಶಬ್ದಕ್ಕೂ ಅದು ಯಾವ ಕವಿಯಲ್ಲಿ ಬಂದಿದೆ, ಯಾವ ಸೀಮೆಯಲ್ಲಿ ಬಳಕೆಯಲ್ಲಿದೆ, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳು ಯಾವುವು ಎಂಬುದನ್ನು ತೋರಿಸುವ ಕೋಶವು ಬೇಕಾಗಿದ್ದಿತು. ಈ ಕಾರ್ಯವನ್ನು ಕೈಕೊಂಡ ಕಿಟ್ಟೆಲ್ಲರು 1877ರಲ್ಲಿ ಸ್ವದೇಶಕ್ಕೆ ಮರಳಿದರು. ವಯಸ್ಸು ನಲವತ್ತೈದು, ಕನ್ನಡನಾಡಿನ ಬಿಸಿಲನ್ನು ಸಾಕಷ್ಟು ಉಂಡಿದ್ದರು, ಅಲ್ಲಿಯೇ ವಿಶ್ರಮಿಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಜನರ ನಾಲಗೆಯ ಮೇಲಿರುವ ಶಬ್ದವನ್ನು ದೂರದ ಜರ್ಮನಿಯಲ್ಲಿ ಕುಳಿತು ಪರೀಕ್ಷಿಸಲಾಗದು. 1883ರಲ್ಲಿ, ಐವತ್ತು ದಾಟಿದ ಮೇಲೆ, ಅವರು ಮತ್ತೊಮ್ಮೆ ಕಡಲು ದಾಟಿ ಬಂದರು. ಈ ಸಲ ಅವರನ್ನು ಕರೆತಂದುದು ನಿಘಂಟಿನ ಕೆಲಸ. 1892ರ ವರೆಗೆ ಇಲ್ಲಿದ್ದು, ಮಾಡತಕ್ಕುದನ್ನು ಮಾಡಿ ಮರಳಿದರು. ಎರಡು ವರ್ಷಗಳ ತರುವಾಯ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಆ ಮಹಾಗ್ರಂಥವನ್ನು ಹೊರತಂದಿತು. ಸುಮಾರು 70,000 ಶಬ್ದಗಳು. 1,700ಕ್ಕೂ ಮಿಕ್ಕ ಪುಟಗಳು.

ಆ ಪುಟಗಳನ್ನು ತಿರುವಿದವರಿಗೆ ಗ್ರಂಥಕರ್ತನ ಮನಸ್ಸು ಕಾಣದೆ ಇರದು. ಕೇಶಿರಾಜನ ಸೂತ್ರದ ಪಕ್ಕದಲ್ಲಿ ಹಳ್ಳಿಯ ಗಾದೆಯಿದೆ. ಬಸವಪುರಾಣದ ಪ್ರಯೋಗದ ಜತೆಯಲ್ಲಿ ಸಂತೆಯ ಮಾತಿದೆ. ತಾನು ಒಪ್ಪದ ಮತಗಳ ಪುರಾಣಗಳನ್ನು ಈ ಪಾದ್ರಿಯು ಸಾಲುಸಾಲಾಗಿ ಓದಿ, ಅವುಗಳ ಶಬ್ದಗಳನ್ನು ಒಂದೂ ಕೆಡದಂತೆ ಆಯ್ದಿಟ್ಟಿದ್ದಾರೆ. ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಎರವು ಪಡೆದುವೆಂದು ತಮಗೆ ತೋರಿದ ಶಬ್ದಗಳ ಉದ್ದವಾದ ಪಟ್ಟಿಯನ್ನೂ ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಆಗ ಧಾರವಾಡವು ಮುಂಬಯಿ ಇಲಾಖೆಗೆ, ಬಳ್ಳಾರಿಯೂ ಮಂಗಳೂರೂ ಮದ್ರಾಸಿಗೆ ಸೇರಿದ್ದುವು. ಮೈಸೂರು ಬೇರೆ, ಕೊಡಗು ಬೇರೆ, ನಿಜಾಮರ ಸೀಮೆಯು ಬೇರೆ. ಹೊಳಲಿನವನು ತುಂಗಭದ್ರೆಯನ್ನು ದಾಟಿ ಧಾರವಾಡ ಜಿಲ್ಲೆಗೆ ಹೋದರೆ ಬೇರೊಂದು ಇಲಾಖೆಗೆ ಹೋದಂತೆ. ಹೀಗೆ ಹರಿದುಹೋಗಿದ್ದ ನಾಡಿನ ಮಾತುಗಳನ್ನು, ಇದು ಮೈಸೂರಿನ ಬಳಕೆ, ಇದು ದಕ್ಷಿಣ ಮಹಾರಾಷ್ಟ್ರವೆಂದು ಸರಕಾರವು ಕರೆಯುತ್ತಿದ್ದ ಧಾರವಾಡದ ಕಡೆಯ ಬಳಕೆ ಎಂದು ಗುರುತು ಹಚ್ಚಿ, ಒಂದೇ ಹೊದಿಕೆಯೊಳಗೆ ಕೂಡಿಸಿದವರು ಕಿಟ್ಟೆಲ್ಲರು. ಬಳ್ಳಾರಿಯು 1953ರಲ್ಲಿ ಮೈಸೂರನ್ನು ಸೇರಿತು. 1956ರಲ್ಲಿ ಕನ್ನಡನಾಡು ಒಂದಾಯಿತು. ನಿಘಂಟಿನಲ್ಲಿ ಅದು ಅರುವತ್ತೆರಡು ವರ್ಷಗಳ ಹಿಂದೆಯೇ ಒಂದಾಗಿದ್ದಿತು.

ಅವರ ಕೊನೆಯ ದಿನಗಳು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಕಳೆದುವು. 1896ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಸ್ವದೇಶದಲ್ಲಿ ಮಾನವು ದೊರೆಯಿತು, ನಿಜ. ಆದರೆ ಅದು ದೊರೆತುದು ಪರದೇಶದ ನುಡಿಗಾಗಿ ಮಾಡಿದ ಕೆಲಸಕ್ಕಾಗಿ. ಆ ನುಡಿಯನ್ನು ಆಡುವವರು ಆ ಪಟ್ಟಣದ ಬೀದಿಗಳಲ್ಲಿ ದೊರೆಯುವಂತಿರಲಿಲ್ಲ. ಆದರೂ ಅವರು ಸುಮ್ಮನೆ ಕೂಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಳಗೊಂಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು; ಅದೇ ವರ್ಷದ ದಶಂಬರದಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ನಿಧನರಾದರು. ದೇಹವು ಅಲ್ಲಿಯ ಮಣ್ಣಿಗೆ ಸೇರಿತು. ಪುಸ್ತಕಗಳು ಇಲ್ಲಿ ಉಳಿದುವು. ಹನ್ನೊಂದು ವರ್ಷಗಳ ತರುವಾಯ ಮಹಾಯುದ್ಧವು ತೊಡಗಿದಾಗ ಸರಕಾರವು ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಸೆರೆಯಲ್ಲಿಟ್ಟು, ಬಳಿಕ ಹೊರಗಟ್ಟಿತು. ದಶಕಗಳ ವಾಸವೂ ಅವರನ್ನು ಕಾಯಲಿಲ್ಲ. ಆ ದಿನವನ್ನು ಕಾಣುವ ಪ್ರಸಂಗವು ಕಿಟ್ಟೆಲ್ಲರಿಗೆ ಬಾರದೆಹೋಯಿತು.

ಇಂಥ ಜೀವಿತವನ್ನು ಹೇಗೆ ತೂಗಬೇಕು? ನಾಡನ್ನು ಪ್ರೀತಿಸಿದನೋ ಇಲ್ಲವೋ ಎಂದು ಬಿರುಸಾಗಿ ಕೇಳುವವರಿಗೆ ಕಿಟ್ಟೆಲ್ಲರಿಂದ ಒಂದೇ ಮಾತಿನ ಉತ್ತರವು ದೊರೆಯಲಾರದು. ಅವರು ನಮ್ಮ ದೇವರುಗಳನ್ನು ಒಪ್ಪಲಿಲ್ಲ. ನಮ್ಮ ಮಾತನ್ನು ಬಿಡಲಿಲ್ಲ. ಇಲ್ಲಿ ನೊಂದರು, ಅಲ್ಲಿಗೆ ಮರಳಿದರು, ಮರಳಿದವರು ತಿರುಗಿ ಬಂದರು. ಎಲ್ಲವನ್ನೂ ಮೆಚ್ಚಿದವನು ಮಾತ್ರ ನಾಡಿಗೆ ಸಲ್ಲುವನೆಂಬ ನಿಯಮವನ್ನು ಮಾಡಿದ್ದರೆ ಈ ಮನುಷ್ಯನಿಗೆ ನಮ್ಮಲ್ಲಿ ಸ್ಥಳವಿರುತ್ತಿರಲಿಲ್ಲ, ನಮಗೆ ಈ ನಿಘಂಟೂ ಇರುತ್ತಿರಲಿಲ್ಲ. ಋಣವನ್ನು ಅಳೆಯಬೇಕಾದುದು ಸಂದ ಕೆಲಸದಿಂದ. ಎದೆಯ ಒಳಗನ್ನು ಬಗೆದು ನೋಡುವ ಅಧಿಕಾರವು ಯಾರಿಗೂ ಇಲ್ಲ.

ಇಂದು ಕಾಲಚಕ್ರವು ತಿರುಗಿದೆ. ಜರ್ಮನಿ, ಅಮೆರಿಕ, ಕೊಲ್ಲಿಯ ನಾಡುಗಳಲ್ಲಿ ಕನ್ನಡಿಗರ ಮಕ್ಕಳು ನೆಲಸಿದ್ದಾರೆ. ಅತ್ತ ಸಂಬಳವೂ ಸೌಕರ್ಯವೂ, ಇತ್ತ ಊರಿನ ನೆನಪೂ ಅವರನ್ನು ಎಳೆಯುತ್ತಿವೆ. ನಮ್ಮ ಪಟ್ಟಣಗಳಿಗೂ ಪರಪ್ರಾಂತಗಳಿಂದ ಜನರು ದುಡಿಮೆಗಾಗಿ ಬರುತ್ತಿದ್ದಾರೆ. ಹೋದವರನ್ನು ಕೃತಘ್ನರೆನ್ನುವ ಮೊದಲು, ಬಂದವರನ್ನು ಅನ್ಯರೆನ್ನುವ ಮೊದಲು, ಕಿಟ್ಟೆಲ್ಲರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಬಂದವರು ನಮ್ಮ ನುಡಿಯನ್ನು ಕಲಿಯಲೆಂದು ಬಯಸುವುದು ನ್ಯಾಯವೇ ಸರಿ. ಆದರೆ ಕಲಿಸುವ ಹೊಣೆಯನ್ನು ನಾವು ಹೊತ್ತಿದ್ದೇವೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಕಿಟ್ಟೆಲ್ಲರಿಗೆ ಕಲಿಸಲು ನಮ್ಮ ಪಂಡಿತರು ಬೇಸರಿಸಲಿಲ್ಲ. ಮತಭೇದವನ್ನು ಬಲ್ಲವರಾಗಿದ್ದೂ ಓಲೆಗರಿಯ ಕಟ್ಟನ್ನು ಅವರ ಮುಂದೆ ಬಿಚ್ಚಿದರು. ಆ ಔದಾರ್ಯಕ್ಕೂ ಆ ನಿಘಂಟಿನ ಯಶಸ್ಸಿನಲ್ಲಿ ಪಾಲಿದೆ.

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟವು 1970ರಲ್ಲಿ ಹೊರಟು, ಎಂಟನೆಯದು 1995ರಲ್ಲಿ ಮುಗಿಯಿತು. ಬೆಂಗಳೂರಿನಲ್ಲಿ ಕಿಟ್ಟೆಲ್ಲರ ಪ್ರತಿಮೆಯೂ ಇದೆ. ಪ್ರತಿಮೆಗೆ ಹಾರವನ್ನು ಹಾಕುವುದು ಸುಲಭ. ಬಳ್ಳಾರಿ ಸೀಮೆಯ ಬೇಸಾಯ, ನೇಯ್ಗೆ, ಜಾತ್ರೆಗಳ ಮಾತುಗಳು ಒಂದೊಂದಾಗಿ ಮರೆಯಾಗುತ್ತಿರುವಾಗ, ಅವುಗಳನ್ನು ಬರೆದಿಡುವವರಿಗಾಗಿ ಮತ್ತೊಬ್ಬ ಪರದೇಶದವನ ದಾರಿಯನ್ನು ಕಾಯದೆ, ನಮ್ಮ ಶಾಲೆಗಳ ಉಪಾಧ್ಯಾಯರೂ ಕಚೇರಿಗಳ ಅಧಿಕಾರಿಗಳೂ ಒಂದೊಂದು ಹೊತ್ತಗೆಯನ್ನು ಕೈಗೆ ತೆಗೆದುಕೊಂಡರೆ ಅವರ ಋಣವು ಸ್ವಲ್ಪಮಟ್ಟಿಗೆ ತೀರೀತು.