ಸರ್ ಮಿರ್ಜಾ ಮತ್ತು ಸಣ್ಣ ಊರುಗಳ ಚೆಲುವು

ಒಳ್ಳೆಯ ಕಟ್ಟಡಕ್ಕೆ, ಒಳ್ಳೆಯ ತೋಟಕ್ಕೆ ಬಹುಮಾನ ಕೊಡುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. 1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನಕಲಾ ಸಂಘದ ಹೆಸರು ಕೇಳಿದೊಡನೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೂ ಮನೆ, ಕಚೇರಿ, ಕಾರ್ಖಾನೆಗಳ ಉದ್ಯಾನ ಸ್ಪರ್ಧೆಯೂ ನೆನಪಾಗುತ್ತವೆ. ವಾಸ್ತುಶಿಲ್ಪಿಗಳಿಗೆ ಹುಡ್ಕೊ ವಿನ್ಯಾಸ ಪ್ರಶಸ್ತಿಯಿದೆ. ಗ್ರಾಮ ಪಂಚಾಯಿತಿಗಳಿಗೆ ಗಾಂಧಿ ಗ್ರಾಮ ಪುರಸ್ಕಾರವಿದೆ. ಆದರೆ ಅದು ಮುಖ್ಯವಾಗಿ ಆಡಳಿತವನ್ನೂ ನೈರ್ಮಲ್ಯವನ್ನೂ ತೂಗುತ್ತದೆ. ಒಂದು ಊರಿನ ಶಾಲೆಯ ಜಗಲಿ, ಬಸ್ ನಿಲ್ದಾಣದ ನೆರಳು, ಬಾವಿಯ ಸುತ್ತಲಿನ ಕಟ್ಟೆ ಇವುಗಳ ಅಂದ ಮತ್ತು ಅನುಕೂಲದತ್ತ ಬಹುಮಾನ ಕೊಡುವವರ ದೃಷ್ಟಿ ಹರಿಯುವುದು ಅಪರೂಪ. ಈ ವಿಷಯ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವವರು ವಾಸ್ತುಶಿಲ್ಪಿಯಲ್ಲ, ಒಬ್ಬ ಆಡಳಿತಗಾರ: ಸರ್ ಮಿರ್ಜಾ ಇಸ್ಮಾಯಿಲ್.

ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಕಬ್ಬನ್ ಸಾಹೇಬರ ಕಾಲದಲ್ಲಿ ದಂಡುಪ್ರದೇಶದಲ್ಲಿ ಹಲವು ಬಂಗಲೆಗಳನ್ನು ಕಟ್ಟಿಸಿದವರು. ಕಟ್ಟಿಸುವ ಹುಚ್ಚು ಮೊಮ್ಮಗನಿಗೆ ರಕ್ತದಲ್ಲೇ ಬಂದಿತ್ತೆನ್ನಬೇಕು. ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ, 1905ರಲ್ಲಿ ಸೆಂಟ್ರಲ್ ಕಾಲೇಜಿನ ಪದವೀಧರ, 1922ರಲ್ಲಿ ಮಹಾರಾಜರ ಆಪ್ತ ಕಾರ್ಯದರ್ಶಿ, 1926ರಲ್ಲಿ ಮೈಸೂರಿನ ದಿವಾನ. ಆ ಹುದ್ದೆಯಲ್ಲಿ ಅವರು ಹದಿನೈದು ವರ್ಷ ಉಳಿದರು.

ಆ ಅವಧಿಯ ಕಾರ್ಖಾನೆಗಳ ಪಟ್ಟಿಯನ್ನು ನಮ್ಮ ಪಠ್ಯಪುಸ್ತಕಗಳು ಕೊಟ್ಟಿವೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ಬೆಳಗಿನ ಸವಾರಿ. ಕುದುರೆಯೇರಿ ಬೆಂಗಳೂರಿನ ಬೀದಿಗಳನ್ನು ಸುತ್ತಿ, ಚರಂಡಿ, ದೀಪದ ಕಂಬ, ಸಾಲುಮರಗಳನ್ನು ಕಣ್ಣಾರೆ ಕಂಡು, ಕೊರತೆಗಳನ್ನು ಅಧಿಕಾರಿಗಳ ಗಮನಕ್ಕೆ ತರುವುದು ಅವರ ರೂಢಿ. ಕಟ್ಟಿದ ಮೇಲೆ ಕಾಪಾಡುವುದೂ ವಿನ್ಯಾಸದ ಭಾಗವೆಂದು ತಿಳಿದ ಆಡಳಿತಗಾರರು ಅಂದೂ ವಿರಳ, ಇಂದೂ ವಿರಳ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರಿಗೆ ದೊರೆತ ಜೊತೆಗಾರ. ಕನ್ನಂಬಾಡಿ ಕಟ್ಟೆಯ ಕೆಳಗೆ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಬೃಂದಾವನ ಉದ್ಯಾನ ಆ ಜೋಡಿಯ ಕೆಲಸ. ನೀರಾವರಿಗೆಂದು ಕಟ್ಟಿದ ಒರಟು ಕಲ್ಲಿನ ಗೋಡೆಯೂ ಜನ ನೋಡಬರುವ ತಾಣವಾಗಬಹುದೆಂಬ ಯೋಚನೆ ಆಗ ಸಾಮಾನ್ಯವಾಗಿರಲಿಲ್ಲ. 1935ರಲ್ಲಿ ಬೆಂಗಳೂರಿನ ಪುರಭವನ ತೆರೆಯಿತು. 1939ರಲ್ಲಿ, ನಾಜಿಗಳ ಜರ್ಮನಿಯನ್ನು ತೊರೆದಿದ್ದ ಯುವ ವಾಸ್ತುಶಿಲ್ಪಿ ಆಟೊ ಕ್ಯೋನಿಗ್ಸ್‌ಬರ್ಗರ್ ಸಂಸ್ಥಾನದ ಸೇವೆಗೆ ಬಂದರು.

ಇದೆಲ್ಲ ಬರಿಯ ಶೋಕಿ ಎಂದು ಮೂಗು ಮುರಿದವರೂ ಇದ್ದರು. ಆ ಟೀಕೆ ಪೂರ್ತಿ ಅನ್ಯಾಯದ್ದಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ್ದು ಇದೇ ದಿವಾನರ ಆಡಳಿತದಲ್ಲಿ. ಜವಾಬ್ದಾರಿ ಸರ್ಕಾರ ಕೇಳಿದ ಜನರೊಡನೆ ಅವರು ನಡೆದುಕೊಂಡ ರೀತಿಯನ್ನು ಕಾರಂಜಿಗಳ ಸೊಗಸು ಮರೆಸಲಾರದು, ಮರೆಸಲೂಬಾರದು. ಊರನ್ನು ಅಷ್ಟು ಹತ್ತಿರದಿಂದ ನೋಡಿದವರು ಜನರ ಮಾತಿಗೆ ಅಷ್ಟೇ ಹತ್ತಿರದಿಂದ ಕಿವಿಗೊಡಲಿಲ್ಲ ಎಂಬುದು ನನ್ನ ಕೊರಗು.

1941ರಲ್ಲಿ, ಹೊಸ ಮಹಾರಾಜರ ಕಾಲದಲ್ಲಿ, ಅವರು ದಿವಾನಗಿರಿ ಬಿಟ್ಟರು. ಮರುವರ್ಷ ಜೈಪುರದ ಪ್ರಧಾನಮಂತ್ರಿಯಾದರು. ಅಲ್ಲಿನ ಮಿರ್ಜಾ ಇಸ್ಮಾಯಿಲ್ ರಸ್ತೆ ಇಂದಿಗೂ ಅವರ ಹೆಸರು ಹೇಳುತ್ತದೆ. 1946ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. ನಮ್ಮ ಭಾಗದ ಓದುಗರು ಗಮನಿಸಬೇಕಾದ ಸಂಗತಿ ಇಲ್ಲಿದೆ: ಅಂದು ಗುಲ್ಬರ್ಗ ಜಿಲ್ಲೆ ನಿಜಾಮರ ಸಂಸ್ಥಾನದ್ದು. ಸೇಡಂ, ಚಿತ್ತಾಪುರ, ಚಿಂಚೋಳಿ, ಚಿಂಚೋಳಿ ಸೀಮೆಯ ಐನಾಪುರ ಎಲ್ಲವೂ ಆ ಕೆಲವು ತಿಂಗಳು ಸರ್ ಮಿರ್ಜಾ ಅವರ ಆಡಳಿತಕ್ಕೆ ಒಳಪಟ್ಟಿದ್ದವು. ಆದರೆ ಅದು ಉದ್ಯಾನ ನಿರ್ಮಿಸುವ ಕಾಲವಾಗಿರಲಿಲ್ಲ. ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬ ಅವರ ನಿಲುವನ್ನು ಇತ್ತೆಹಾದ್ ಪಕ್ಷ ಸಹಿಸಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ಹುದ್ದೆ ತೊರೆದರು. ಮುಂದಿನ ಕಥೆ, 1948ರ ಸೆಪ್ಟೆಂಬರ್ 17ರವರೆಗಿನದು, ಈ ನೆಲ ಮರೆಯದ ಕಥೆ.

ಹಳೆಯ ಮೈಸೂರಿಗೆ ಹದಿನೈದು ವರ್ಷ ಸಿಕ್ಕ ಆ ಕಣ್ಣು ನಮಗೆ ಒಂದು ವರ್ಷವೂ ಸಿಗಲಿಲ್ಲ. ಹಾಗೆಂದು ಇಲ್ಲಿ ಚೆಲುವಿಗೆ ಸಾಮಗ್ರಿಯ ಬರವಿಲ್ಲ. ದೇಶದ ಎಷ್ಟೋ ಮನೆಗಳಿಗೆ ನೆಲಹಾಸಾಗಿರುವ ಶಹಾಬಾದ್ ಫರಸಿ ನಮ್ಮ ಕಾಲಡಿಯದು. ಅದೇ ಕಲ್ಲಿನ ದಪ್ಪ ಗೋಡೆ, ಮಾಳಿಗೆ, ಮುಂದೊಂದು ಕಟ್ಟೆ, ಕಟ್ಟೆಗೊಂದು ಬೇವಿನ ಮರ: ನಲವತ್ತು ಡಿಗ್ರಿ ದಾಟುವ ಬೇಸಿಗೆಯನ್ನು ನಮ್ಮ ಹಿರಿಯರು ಎದುರಿಸಿದ್ದು ಹೀಗೆ. ಈಗ ವಾಡಿಯ ಸಿಮೆಂಟು ಕೈಗೆಟುಕುವ ದೂರದಲ್ಲಿದೆ. ಕಾಂಕ್ರೀಟ್ ಪೆಟ್ಟಿಗೆಯಂಥ ಕೊಠಡಿಗೆ ಬಣ್ಣ ಬಳಿದರೆ ಅಭಿವೃದ್ಧಿ ಎನಿಸಿಕೊಳ್ಳುತ್ತದೆ.

ಸರ್ ಮಿರ್ಜಾ 1959ರ ಜನವರಿ 5ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಕಲ್ಯಾಣ ಕರ್ನಾಟಕದ ಊರುಗಳಿಗೊಂದು ಬಹುಮಾನ ಇಡುವುದಾದರೆ ನಿಯಮಗಳು ಸರಳವಾಗಿರಲಿ ಎಂಬುದು ನನ್ನ ಸಲಹೆ. ಕಟ್ಟಡ ಉದ್ಘಾಟನೆಯಾಗಿ ಐದು ವರ್ಷ ತುಂಬಿರಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಯಾವುದಾದರೂ ಸರಿ, ಸುತ್ತಲ ಕಲ್ಲು ಮತ್ತು ನೆರಳನ್ನು ಬಳಸಿಕೊಂಡಿರಬೇಕು. ತೀರ್ಪುಗಾರರಲ್ಲಿ ಆ ಊರಿನ ಒಬ್ಬ ಶಿಕ್ಷಕಿಯೂ ಒಬ್ಬ ಕಲ್ಲುಕುಟಿಗನೂ ಇರಬೇಕು. ಅವರು ಬರಬೇಕಾದದ್ದು ಹಸಿರು ನಗುವ ಡಿಸೆಂಬರ್‌ನಲ್ಲಲ್ಲ. ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ ಎರಡು ಗಂಟೆಗೆ, ನಡೆದುಕೊಂಡು.