ದನಿಯಿಲ್ಲದವರಿಗೆ ದನಿಯಾದ ಆಸ್ಕರ್ ರೊಮೆರೊ

ಆಗಸ್ಟ್ 15 ಎಂದೊಡನೆ ನಮ್ಮ ಶಾಲೆಯ ಮಕ್ಕಳಿಗೆ ನೆನಪಾಗುವುದು ಧ್ವಜಾರೋಹಣ, ದೇಶಭಕ್ತಿಗೀತೆ ಮತ್ತು ಕೊನೆಯಲ್ಲಿ ಕೈಗೆ ಬರುವ ಸಿಹಿ. ಭಾರತಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಮೂವತ್ತು ವರ್ಷ ಮೊದಲು, 1917ರ ಅದೇ ಆಗಸ್ಟ್ 15ರಂದು, ಭೂಮಿಯ ಇನ್ನೊಂದು ಬದಿಯ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿ ಒಂದು ಗಂಡು ಮಗು ಹುಟ್ಟಿತು. ಆ ಮಗುವೇ ಮುಂದೆ ಬಡವರ ಪರವಾಗಿ ನಿಂತು ಪ್ರಾಣ ಕೊಟ್ಟ ಆರ್ಚ್‌ಬಿಷಪ್ ಆಸ್ಕರ್ ಆರ್ನುಲ್ಫೊ ರೊಮೆರೊ. ಹುಟ್ಟು ಧೈರ್ಯಶಾಲಿಗಳ ಕಥೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಇದು ಸಂಕೋಚ ಸ್ವಭಾವದ, ಗಲಾಟೆ ಎಂದರೆ ದೂರ ಸರಿಯುತ್ತಿದ್ದ ಒಬ್ಬ ವ್ಯಕ್ತಿ ತನ್ನ ಐವತ್ತೊಂಬತ್ತನೇ ವಯಸ್ಸಿನಲ್ಲಿ ಬದಲಾದ ಕಥೆ.

ಪುಟ್ಟ ದೇಶ, ದೊಡ್ಡ ತೋಟಗಳು

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದಲ್ಲಿದೆ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಒಂಬತ್ತನೇ ಒಂದು ಭಾಗ. ಅಲ್ಲಿನ ಜನರ ಮಾತು ಸ್ಪ್ಯಾನಿಷ್, ಹೆಚ್ಚಿನವರ ಧರ್ಮ ಕ್ರೈಸ್ತ. ಕೊಡಗು, ಚಿಕ್ಕಮಗಳೂರುಗಳಂತೆ ಅಲ್ಲಿನ ಬೆಟ್ಟಗಳಲ್ಲೂ ಕಾಫಿ ಬೆಳೆಯುತ್ತಾರೆ. ಆದರೆ ಆ ಕಾಲದಲ್ಲಿ ಒಳ್ಳೆಯ ಭೂಮಿಯೆಲ್ಲ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಉಳಿದವರು ಸುಗ್ಗಿಯಲ್ಲಿ ಕೂಲಿ ಮಾಡಬೇಕು, ಉಳಿದ ತಿಂಗಳುಗಳಲ್ಲಿ ಅರೆಹೊಟ್ಟೆಯಲ್ಲಿ ಇರಬೇಕು. 1932ರಲ್ಲಿ ಬಡ ರೈತರು ದಂಗೆ ಎದ್ದಾಗ ಸೈನ್ಯವು ಸಾವಿರಾರು ಜನರನ್ನು ಕೊಂದು ಹಾಕಿತು. ಅಂದಿನಿಂದ ಹಳ್ಳಿಗಳಲ್ಲಿ ಬಾಯಿ ತೆರೆಯಲು ಜನ ಹೆದರುತ್ತಿದ್ದರು.

ಅಂಚೆ ಮನೆಯ ಹುಡುಗ

ರೊಮೆರೊ ಹುಟ್ಟಿದ್ದು ಸಿಯುದಾದ್ ಬಾರಿಯೋಸ್ ಎಂಬ ಗುಡ್ಡಗಾಡಿನ ಊರಿನಲ್ಲಿ. ತಂದೆ ಊರಿನ ಅಂಚೆ ಮತ್ತು ತಂತಿ ಕಚೇರಿ ನೋಡಿಕೊಳ್ಳುತ್ತಿದ್ದರು. ಬಾಲಕ ಆಸ್ಕರ್ ಮನೆಮನೆಗೆ ಕಾಗದ, ತಂತಿ ಮುಟ್ಟಿಸುತ್ತಿದ್ದ. ಶಾಲೆ ಮುಗಿದ ಮೇಲೆ ತಂದೆ ಅವನನ್ನು ಬಡಗಿ ಕೆಲಸ ಕಲಿಯಲು ಹಾಕಿದರು. ಆದರೆ ಅವನ ಮನಸ್ಸು ಪಾದ್ರಿಯಾಗಬೇಕೆಂದು ಹಂಬಲಿಸುತ್ತಿತ್ತು. ಹದಿಮೂರನೇ ವಯಸ್ಸಿನಲ್ಲಿ ಸಾನ್ ಮಿಗೆಲ್ ನಗರದ ಗುರುಮಠ ಸೇರಿದ. ತಾಯಿಗೆ ಕಾಯಿಲೆಯಾಗಿ ಮನೆಯಲ್ಲಿ ಕೈ ಕಟ್ಟಿದಾಗ ಓದು ನಿಲ್ಲಿಸಿ ಕೆಲವು ತಿಂಗಳು ಚಿನ್ನದ ಗಣಿಯಲ್ಲಿ ದುಡಿದದ್ದೂ ಉಂಟು.

ಮುಂದೆ ಅವರು ಓದಲು ರೋಮ್ ನಗರಕ್ಕೆ ಹೋದರು. 1942ರ ಏಪ್ರಿಲ್ 4ರಂದು ಅಲ್ಲಿಯೇ ಗುರುದೀಕ್ಷೆಯಾಯಿತು. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಮರುವರ್ಷ ಊರಿಗೆ ಹಿಂತಿರುಗುವಾಗ, ಇಟಲಿಯಿಂದ ಬಂದವರೆಂಬ ಕಾರಣಕ್ಕೆ ಕ್ಯೂಬಾದಲ್ಲಿ ಕೆಲಕಾಲ ಅವರನ್ನು ಶಿಬಿರದಲ್ಲಿ ಕೂಡಿಹಾಕಲಾಗಿತ್ತು.

ಸಾನ್ ಮಿಗೆಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಪಾದ್ರಿಯಾಗಿ ದುಡಿದರು. ರೋಗಿಗಳನ್ನು, ಸೆರೆಯಾಳುಗಳನ್ನು ನೋಡಲು ಹೋಗುತ್ತಿದ್ದರು. ಕುಡಿತದ ಚಟಕ್ಕೆ ಬಿದ್ದವರಿಗೆ ಆಸರೆಯಾದರು. ಆದರೆ ಬಡತನ ಏಕೆ ಬಂತು ಎಂಬ ಪ್ರಶ್ನೆಯನ್ನು ಅವರು ಆಗ ಎತ್ತುತ್ತಿರಲಿಲ್ಲ. ಶ್ರೀಮಂತರು ದಾನ ಮಾಡಬೇಕು, ಬಡವರು ಸಹನೆಯಿಂದಿರಬೇಕು, ಚರ್ಚು ರಾಜಕೀಯದಿಂದ ದೂರವಿರಬೇಕು ಎಂಬುದು ಅವರ ನಿಲುವಾಗಿತ್ತು. 1968ರಲ್ಲಿ ಕೊಲಂಬಿಯಾದ ಮೆಡೆಲ್ಲಿನ್ ನಗರದಲ್ಲಿ ಲ್ಯಾಟಿನ್ ಅಮೆರಿಕದ ಬಿಷಪರೆಲ್ಲ ಸಭೆ ಸೇರಿ, ಬಡವರಿಗೆ ನ್ಯಾಯ ದೊರಕಿಸುವುದು ಚರ್ಚಿನ ಕರ್ತವ್ಯವೆಂದು ಸಾರಿದರು. ಆ ಹೊಸ ಗಾಳಿಯನ್ನು ಕಂಡು ರೊಮೆರೊ ಅನುಮಾನಪಟ್ಟವರೇ ಹೊರತು ಸಂತೋಷಪಟ್ಟವರಲ್ಲ.

ಕಾಫಿ ಬೆಟ್ಟದಲ್ಲಿ ಕಂಡದ್ದು

1974ರಲ್ಲಿ ಅವರು ಸಾಂಟಿಯಾಗೊ ದೆ ಮರಿಯಾ ಎಂಬ ಕಾಫಿ ಸೀಮೆಗೆ ಬಿಷಪ್ ಆಗಿ ಬಂದರು. ಸುಗ್ಗಿಯಲ್ಲಿ ಕಾಫಿ ಹಣ್ಣು ಕೀಳಲು ಬಂದ ಕೂಲಿಯವರು ಕೊರೆಯುವ ಚಳಿಯಲ್ಲಿ ಊರಿನ ಚೌಕದಲ್ಲೇ ಮಲಗುತ್ತಿದ್ದರು. ಇದನ್ನು ಕಂಡ ರೊಮೆರೊ ತಮ್ಮ ಕಟ್ಟಡದ ಬಾಗಿಲು ತೆರೆಸಿ ಅವರಿಗೆ ಮಲಗಲು ಜಾಗ, ಬಿಸಿ ಪಾನೀಯ ಕೊಡಿಸಿದರು. ಕಾನೂನಿನಲ್ಲಿ ಬರೆದಿರುವ ಕೂಲಿ ಕೂಡ ಇವರ ಕೈ ಸೇರುವುದಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು.

1975ರ ಜೂನ್ ತಿಂಗಳಲ್ಲಿ ತ್ರೆಸ್ ಕಾಯೆಸ್ ಎಂಬ ಹಳ್ಳಿಯಲ್ಲಿ ನ್ಯಾಷನಲ್ ಗಾರ್ಡ್ ಪಡೆಯವರು ಹಲವು ರೈತರನ್ನು ಕೊಂದರು. ರೊಮೆರೊ ಆ ಮನೆಗಳಿಗೆ ಹೋಗಿ ಸಾಂತ್ವನ ಹೇಳಿದರು. ಆದರೆ ಬಹಿರಂಗವಾಗಿ ಏನನ್ನೂ ಹೇಳಲಿಲ್ಲ. ದೇಶದ ಅಧ್ಯಕ್ಷರಿಗೆ ಖಾಸಗಿಯಾಗಿ ಒಂದು ಪತ್ರ ಬರೆದು ಸುಮ್ಮನಾದರು. ದೊಡ್ಡವರಿಗೆ ವಿಷಯ ತಿಳಿಸಿದರೆ ಸಾಕು, ಅವರು ಸರಿಪಡಿಸುತ್ತಾರೆ ಎಂದು ಅವರು ಆಗಲೂ ನಂಬಿದ್ದರು.

ಮೂರು ಶವಗಳ ಮುಂದೆ ಒಂದು ರಾತ್ರಿ

1977ರ ಫೆಬ್ರವರಿಯಲ್ಲಿ ರೊಮೆರೊ ರಾಜಧಾನಿ ಸಾನ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆದರು. ಇವರು ಯಾರ ತಂಟೆಗೂ ಹೋಗುವವರಲ್ಲ ಎಂದು ಶ್ರೀಮಂತರಿಗೆ ನೆಮ್ಮದಿಯಾಯಿತು. ಬಡವರ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿಗಳಿಗೆ ನಿರಾಸೆಯಾಯಿತು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಬದಲಾಯಿತು. ಅಗಿಲಾರೆಸ್ ಎಂಬ ಊರಿನಲ್ಲಿ ಕಬ್ಬಿನ ಗದ್ದೆಯ ಕೂಲಿಗಳಿಗೆ ಅವರ ಹಕ್ಕುಗಳನ್ನು ತಿಳಿಸುತ್ತಿದ್ದ ಫಾದರ್ ರುತಿಲಿಯೊ ಗ್ರಾಂದೆ ಅವರು ರೊಮೆರೊ ಅವರ ಆಪ್ತ ಸ್ನೇಹಿತರು. ಮಾರ್ಚ್ 12ರ ಸಂಜೆ ಅವರು ಪೂಜೆ ನಡೆಸಲು ವಾಹನದಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಗುಂಡಿಕ್ಕಿ ಕೊಂದರು. ಜೊತೆಗಿದ್ದ ಒಬ್ಬ ಮುದುಕರೂ ಒಬ್ಬ ಹುಡುಗನೂ ಸತ್ತರು. ಸುದ್ದಿ ತಿಳಿದ ರೊಮೆರೊ ರಾತ್ರಿಯೇ ಅಗಿಲಾರೆಸ್‌ಗೆ ಧಾವಿಸಿದರು. ಚರ್ಚಿನಲ್ಲಿ ಮೂರು ಶವಗಳನ್ನು ಸಾಲಾಗಿ ಮಲಗಿಸಿದ್ದರು. ಸುತ್ತ ರೈತರು ನಿಂತಿದ್ದರು. ಅವರ ದುಃಖವನ್ನೂ ಭಯವನ್ನೂ ರೊಮೆರೊ ಆ ರಾತ್ರಿಯೆಲ್ಲ ಕೇಳಿಸಿಕೊಂಡರು.

ಮುಂದಿನ ದಿನಗಳಲ್ಲಿ ಅವರು ಪಾದ್ರಿಗಳ, ಧರ್ಮಭಗಿನಿಯರ ಸಭೆ ಕರೆದರು. ಎಲ್ಲರ ಅಭಿಪ್ರಾಯವನ್ನೂ ತಾಳ್ಮೆಯಿಂದ ಕೇಳಿದರು. ಕ್ಯಾಥೊಲಿಕ್ ಶಾಲೆಗಳನ್ನು ಮೂರು ದಿನ ಮುಚ್ಚಬೇಕು, ಕೊಲೆಯ ತನಿಖೆ ಆಗುವವರೆಗೆ ಸರಕಾರದ ಯಾವ ಸಮಾರಂಭಕ್ಕೂ ಹೋಗಬಾರದು, ಮುಂದಿನ ಭಾನುವಾರ ಬೇರೆಲ್ಲ ಚರ್ಚುಗಳಲ್ಲಿ ಪೂಜೆ ನಿಲ್ಲಿಸಿ ರಾಜಧಾನಿಯ ಪ್ರಧಾನ ಚರ್ಚಿನಲ್ಲಿ ಒಂದೇ ಪೂಜೆ ನಡೆಸಬೇಕು ಎಂದು ತೀರ್ಮಾನವಾಯಿತು. ಈ ಒಂದೇ ಪೂಜೆಯ ವಿಚಾರದಲ್ಲಿ ರೊಮೆರೊ ಅವರಿಗೇ ಮೊದಲು ಹಿಂಜರಿಕೆ ಇತ್ತು. ಪೋಪರ ರಾಯಭಾರಿಯೂ ಬೇಡವೆಂದರು. ಆದರೆ ಸಭೆಯ ಮಾತು ಕೇಳಿ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ ಅವರು ಹಿಂದೆ ಸರಿಯಲಿಲ್ಲ. ಮಾರ್ಚ್ 20ರಂದು ಪ್ರಧಾನ ಚರ್ಚಿನ ಮುಂದೆ ಸುಮಾರು ಒಂದು ಲಕ್ಷ ಜನ ಸೇರಿದರು. ಗ್ರಾಂದೆಯವರ ಕೊಲೆಗೆ ನ್ಯಾಯ ಸಿಗಲೇ ಇಲ್ಲ. ರೊಮೆರೊ ಕೂಡ ಕೊಟ್ಟ ಮಾತಿನಂತೆ ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೂ ಹೋಗಲಿಲ್ಲ.

ಭಾನುವಾರದ ರೇಡಿಯೊ

ಅಂದಿನ ಪತ್ರಿಕೆಗಳು ಕೊಲೆಗಳ ಸತ್ಯಸಂಗತಿಯನ್ನು ಬರೆಯುತ್ತಿರಲಿಲ್ಲ. ಹಾಗಾಗಿ ರೊಮೆರೊ ಪ್ರತಿ ಭಾನುವಾರದ ತಮ್ಮ ಪ್ರವಚನದಲ್ಲಿ ಆ ವಾರ ಯಾವ ಊರಿನಲ್ಲಿ ಯಾರನ್ನು ಕೊಂದರು, ಯಾರನ್ನು ಹಿಡಿದುಕೊಂಡು ಹೋದರು, ಯಾರು ಕಾಣೆಯಾದರು ಎಂದು ಹೆಸರು ಹಿಡಿದು ಓದತೊಡಗಿದರು. ಚರ್ಚಿನ ರೇಡಿಯೊ ಕೇಂದ್ರ ಅದನ್ನು ದೇಶಕ್ಕೆಲ್ಲ ಬಿತ್ತರಿಸುತ್ತಿತ್ತು. ಮನೆ, ಅಂಗಡಿ, ಹೊಲ ಎಲ್ಲೆಲ್ಲೂ ಜನ ರೇಡಿಯೊ ಸುತ್ತ ಕೂಡುತ್ತಿದ್ದರು. ಕೇಂದ್ರಕ್ಕೆ ಮತ್ತೆ ಮತ್ತೆ ಬಾಂಬ್ ಇಟ್ಟರು. ಮತ್ತೆ ಮತ್ತೆ ದುರಸ್ತಿ ಮಾಡಿ ನಡೆಸಿದರು.

ಬಾಯಿಗೆ ಬಂದದ್ದನ್ನು ಹೇಳುವ ಅಭ್ಯಾಸ ಅವರದಲ್ಲ. ಯುವ ವಕೀಲರ ಒಂದು ಕಾನೂನು ನೆರವು ಕಚೇರಿ ಪ್ರತಿಯೊಂದು ದೂರನ್ನೂ ವಿಚಾರಿಸಿ ಬರೆದಿಡುತ್ತಿತ್ತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅವರ ಬೆಂಬಲದಿಂದ 1977ರಲ್ಲಿ ತಮ್ಮದೇ ಸಮಿತಿ ಕಟ್ಟಿಕೊಂಡರು. ಎಲ್ಲೂ ದಾಖಲಾಗದೆ ಹೋಗುತ್ತಿದ್ದ ತಮ್ಮ ಮಗನ ಹೆಸರು ರೇಡಿಯೊದಲ್ಲಿ ಕೇಳಿಬಂದಾಗ ಆ ತಾಯಂದಿರಿಗೆ ಎಂಥ ಆಸರೆಯಾಗಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಬಡವರ ಪರ ಎಂದರೆ ಬಂದೂಕು ಹಿಡಿದವರ ಪರ ಎಂದಲ್ಲ. ಎಡಪಂಥದ ಗೆರಿಲ್ಲಾಗಳು ನಡೆಸುತ್ತಿದ್ದ ಅಪಹರಣ, ಕೊಲೆಗಳನ್ನೂ ಅವರು ಅಷ್ಟೇ ಖಾರವಾಗಿ ಖಂಡಿಸಿದರು. 1977ರಲ್ಲಿ ಗೆರಿಲ್ಲಾಗಳು ವಿದೇಶಾಂಗ ಮಂತ್ರಿ ಮೌರಿಸಿಯೊ ಬೊರ್ಗೊನೊವೊ ಅವರನ್ನು ಅಪಹರಿಸಿದಾಗ, ಬಿಟ್ಟುಬಿಡುವಂತೆ ರೊಮೆರೊ ಮನವಿ ಮಾಡಿದರು. ಕೊಂದೇಬಿಟ್ಟಾಗ ಅಂತ್ಯಕ್ರಿಯೆಯ ಪೂಜೆಯನ್ನೂ ತಾವೇ ನಡೆಸಿದರು. ಎರಡೂ ಕಡೆಯವರು ಒಂದಾಗಬೇಕೆಂಬ ಆಸೆ ಅವರಿಗೆ ಬಲವಾಗಿತ್ತು. ಆದರೆ ಅದಕ್ಕೆ ಮೊದಲು ನಡೆದದ್ದನ್ನು ನಡೆದಂತೆ ಒಪ್ಪಿಕೊಳ್ಳಬೇಕು, ದುಡಿದವನಿಗೆ ನ್ಯಾಯವಾದ ಪಾಲು ಸಿಗಬೇಕು ಎಂಬುದು ಅವರ ದೃಢ ನಂಬಿಕೆ.

ಸ್ವಂತ ಜೀವನ ತೀರಾ ಸರಳ. ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯೊಂದರ ಆವರಣದಲ್ಲಿ ಅಲ್ಲಿನ ಧರ್ಮಭಗಿನಿಯರು ಕಟ್ಟಿಸಿಕೊಟ್ಟ ಪುಟ್ಟ ಮನೆಯಲ್ಲಿ ವಾಸ. ಬ್ರಿಟನ್ನಿನ ಸಂಸದರು ಅವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದರು. ಆದರೆ ತಮ್ಮದೇ ದೇಶದ ಬಿಷಪರಲ್ಲಿ ಹೆಚ್ಚಿನವರು ಅವರ ವಿರುದ್ಧ ನಿಂತರು. ಗಟ್ಟಿಯಾಗಿ ಜೊತೆಗಿದ್ದವರು ಬಿಷಪ್ ರಿವೇರಾ ಇ ದಮಾಸ್ ಒಬ್ಬರೇ.

ಕೊನೆಯ ದಿನಗಳು

1977ರಿಂದ 1980ರ ನಡುವೆ ಆ ದೇಶದಲ್ಲಿ ಆರು ಮಂದಿ ಪಾದ್ರಿಗಳ ಕೊಲೆಯಾಯಿತು. ಸತ್ತ ಸಾಮಾನ್ಯ ಜನರಂತೂ ಸಾವಿರಾರು. 1980ರ ಫೆಬ್ರವರಿಯಲ್ಲಿ ರೊಮೆರೊ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಪತ್ರ ಬರೆದು, ತಮ್ಮ ದೇಶದ ಸೈನ್ಯಕ್ಕೆ ನೆರವು ಕೊಡಬೇಡಿರೆಂದು ಕೇಳಿಕೊಂಡರು. ನೆರವು ನಿಲ್ಲಲಿಲ್ಲ. ಮಾರ್ಚ್ ತಿಂಗಳಲ್ಲಿ ಅವರು ಪೂಜೆ ನಡೆಸಿದ್ದ ಚರ್ಚಿನಲ್ಲಿ ಡೈನಮೈಟ್ ತುಂಬಿದ ಪೆಟ್ಟಿಗೆ ಸಿಕ್ಕಿತು. ಅದು ಸಿಡಿಯದಿದ್ದುದು ಪುಣ್ಯ. ತಮಗೆ ಸಾವಿನ ಭಯ ಇಲ್ಲವೆಂದು ಅವರು ನಟಿಸಲಿಲ್ಲ. ಆದರೂ ಸರಕಾರ ಕೊಡಮಾಡಿದ ಕಾವಲನ್ನು ಒಪ್ಪಲಿಲ್ಲ; ಜನರಿಗಿಲ್ಲದ ರಕ್ಷಣೆ ತಮಗೂ ಬೇಡವೆಂದರು.

ಮಾರ್ಚ್ 23ರ ಭಾನುವಾರ ಅವರು ನೇರವಾಗಿ ಸೈನಿಕರನ್ನು ಉದ್ದೇಶಿಸಿ ಮಾತನಾಡಿದರು. ನೀವು ಕೊಲ್ಲುತ್ತಿರುವುದು ನಿಮ್ಮದೇ ಅಣ್ಣತಮ್ಮಂದಿರನ್ನು, ಕೊಲ್ಲು ಎಂಬ ಆಜ್ಞೆಯನ್ನು ಪಾಲಿಸಬೇಕಾಗಿಲ್ಲ ಎಂಬುದು ಅದರ ಸಾರ. ಮರುದಿನ, 1980ರ ಮಾರ್ಚ್ 24ರ ಸಂಜೆ, ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಅವರು ಪೂಜೆ ಮಾಡುತ್ತಿದ್ದರು. ಬಾಗಿಲ ಹೊರಗೆ ಒಂದು ಕಾರು ಬಂದು ನಿಂತಿತು. ಅಲ್ಲಿಂದ ಹಾರಿದ ಒಂದೇ ಒಂದು ಗುಂಡು ಅವರ ಪ್ರಾಣ ತೆಗೆಯಿತು. ಆಗ ಅವರಿಗೆ ಅರವತ್ತೆರಡು ವರ್ಷ. ಮಾರ್ಚ್ 30ರಂದು ನಡೆದ ಅಂತ್ಯಕ್ರಿಯೆಯಲ್ಲೂ ಬಾಂಬು, ಗುಂಡು, ನೂಕುನುಗ್ಗಲಿಗೆ ಸಿಕ್ಕಿ ಹತ್ತಾರು ಜನ ಸತ್ತರು.

ಸಾವಿನ ನಂತರ

ಅವರು ತಪ್ಪಿಸಲು ಹೆಣಗಿದ ಅಂತರ್ಯುದ್ಧ ಹನ್ನೆರಡು ವರ್ಷ ನಡೆದು ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡಿತು. 1992ರ ಜನವರಿಯಲ್ಲಿ ಶಾಂತಿ ಒಪ್ಪಂದವಾಯಿತು. ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ 1993ರಲ್ಲಿ ತನ್ನ ವರದಿ ಕೊಟ್ಟಿತು. ರೊಮೆರೊ ಅವರ ಕೊಲೆಗೆ ಆಜ್ಞೆ ಕೊಟ್ಟವರು ಮಾಜಿ ಸೇನಾಧಿಕಾರಿ ರೊಬೆರ್ತೊ ದಾಬುಯಿಸೊನ್ ಎಂದು ಅದು ಹೇಳಿತು. ಅಷ್ಟರಲ್ಲಿ ಆತ ತೀರಿಕೊಂಡಿದ್ದ. ವರದಿ ಬಂದ ಕೆಲವೇ ದಿನಗಳಲ್ಲಿ ಎಲ್ಲರಿಗೂ ಕ್ಷಮಾದಾನ ನೀಡುವ ಕಾನೂನು ಬಂತು. ಆ ಕಾನೂನನ್ನು ದೇಶದ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿದ್ದು 2016ರಲ್ಲಿ. ನಡುವೆ 2010ರಲ್ಲಿ ಅಧ್ಯಕ್ಷ ಮೌರಿಸಿಯೊ ಫುನೆಸ್ ಸರಕಾರದ ಪರವಾಗಿ ಕ್ಷಮೆ ಕೇಳಿದರು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಶ್ಚಿಮ ದ್ವಾರದ ಮೇಲೆ, ಮಾರ್ಟಿನ್ ಲೂಥರ್ ಕಿಂಗ್ ಅವರ ಪಕ್ಕದಲ್ಲಿ, 1998ರಿಂದ ರೊಮೆರೊ ಅವರ ಶಿಲ್ಪವಿದೆ. ರಜೆಯಲ್ಲಿ ಅಲ್ಲಿಗೆ ಹೋಗುವ ಮಕ್ಕಳು ತಲೆಯೆತ್ತಿ ನೋಡಬೇಕು. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸ್ ಅವರು ರೊಮೆರೊ ಅವರನ್ನು ಸಂತರೆಂದು ಘೋಷಿಸಿದರು. ಅವರು ಮಡಿದ ಮಾರ್ಚ್ 24ನ್ನು ವಿಶ್ವಸಂಸ್ಥೆ 2010ರಲ್ಲಿ ಸತ್ಯವನ್ನು ತಿಳಿಯುವ ಹಕ್ಕಿನ ದಿನವೆಂದು ಸಾರಿತು.

ಮಕ್ಕಳೇ, ತರಗತಿಯಲ್ಲಿ ಇಬ್ಬರು ಜಗಳವಾಡಿದಾಗ ಕೈ ಕುಲುಕಿ, ಮುಗಿಯಿತು ಎಂದು ನಾವು ದೊಡ್ಡವರು ಅವಸರ ಮಾಡುತ್ತೇವೆ. ಪೆಟ್ಟು ತಿಂದವನು ಕೈ ಕುಲುಕುತ್ತಾನೆ, ಆದರೆ ಅವನ ನೋವು ಮನಸ್ಸಿನಲ್ಲೇ ಉಳಿಯುತ್ತದೆ. ಮನೆಗಳಲ್ಲೂ ಹೀಗಾಗುವುದುಂಟು ಎಂದು ಪೋಷಕರು ಒಪ್ಪಿಯಾರು. ರೊಮೆರೊ ಮೊದಲು ಏನಾಯಿತು ಎಂದು ಕೇಳಿದರು, ಕೊನೆಯವರೆಗೂ ಕೇಳಿಸಿಕೊಂಡರು, ಕೇಳಿದ್ದನ್ನು ಎಲ್ಲರ ಮುಂದೆ ಹೇಳಿದರು. ಮಾರ್ಚ್ ಎಂದರೆ ನಮಗೆ ಪರೀಕ್ಷೆಯ ತಿಂಗಳು. ಆ ಓದಿನ ನಡುವೆ 24ನೇ ತಾರೀಕು ಬಂದಾಗ ಅಂಚೆ ಮನೆಯ ಆ ಹುಡುಗನನ್ನು ಒಂದು ಕ್ಷಣ ನೆನೆಯೋಣ.