ಸರ್ ವಾಲ್ಟರ್ ಸ್ಕಾಟನ ಋಣಮುಕ್ತಿ

ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಪರೀಕ್ಷೆಗಾಗಿ ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಸರ್ ವಾಲ್ಟರ್ ಸ್ಕಾಟನ ಹೆಸರು ಹೊಸದಲ್ಲ. ಚಾರಿತ್ರಿಕ ಕಾದಂಬರಿಯ ಜನಕನೆಂದು ಅವನ ವಿಷಯವಾಗಿ ಟಿಪ್ಪಣಿ ಬರೆದುಕೊಳ್ಳುತ್ತೇವೆ. ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಬಂಕಿಮಚಂದ್ರರನ್ನು ವಂಗದೇಶದ ಸ್ಕಾಟನೆಂದು ಕರೆಯುತ್ತಿದ್ದರೆಂಬುದೂ ಹಲವರಿಗೆ ತಿಳಿದಿರಬಹುದು. ಆದರೆ ಅವನ ಕಾದಂಬರಿಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಅವನ ಬಾಳಿನ ಕಡೆಯ ಆರೇಳು ವರ್ಷಗಳ ಕಥೆ. ಸಾಲದ ವಿಷಯವಾಗಿ ಸರ್ವಜ್ಞನ ತ್ರಿಪದಿಯನ್ನು ಕೇಳಿ ಬೆಳೆದ ನಮಗೆ ಆ ಕಥೆ ದೂರದ್ದೆನಿಸುವುದಿಲ್ಲ.

ಸ್ಕಾಟನು ಹುಟ್ಟಿದ್ದು 1771ನೆಯ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ವಕೀಲ. ಒಂದೂವರೆ ವರ್ಷದ ಶಿಶುವಾಗಿದ್ದಾಗಲೇ ಪೋಲಿಯೋ ತಗುಲಿ ಬಲಗಾಲು ಊನವಾಯಿತು. ಹಳ್ಳಿಯ ಗಾಳಿಯಿಂದ ಗುಣವಾದೀತೆಂದು ಅವನನ್ನು ಗಡಿನಾಡಿನಲ್ಲಿದ್ದ ಅಜ್ಜನ ಹೊಲಮನೆಗೆ ಕಳುಹಿಸಿದರು. ಕಾಲು ಸರಿಹೋಗಲಿಲ್ಲ, ಆದರೆ ಅಲ್ಲಿ ಕೇಳಿದ ಲಾವಣಿಗಳೂ ಕದನದ ಕಥೆಗಳೂ ಮುಂದೆ ಅವನ ಬಂಡವಾಳವಾದವು. 1792ರಲ್ಲಿ ವಕೀಲನಾದನು, 1797ರಲ್ಲಿ ಶಾರ್ಲೆಟ್ ಎಂಬವಳನ್ನು ವರಿಸಿದನು. 1805ರಿಂದ ಮುಂದಕ್ಕೆ ಪ್ರಕಟವಾದ ಅವನ ಕಥನಕವನಗಳು ಅಪಾರ ಕೀರ್ತಿಯನ್ನು ತಂದವು. ಬೈರನ್ನನ ಪ್ರಭೆ ಏರತೊಡಗಿದಾಗ ಸ್ಕಾಟನು ಗದ್ಯಕ್ಕೆ ತಿರುಗಿ, 1814ರಲ್ಲಿ ‘ವೇವರ್ಲಿ’ ಎಂಬ ಕಾದಂಬರಿಯನ್ನು ಹೆಸರು ಹಾಕದೆ ಹೊರತಂದನು.

ಅದನ್ನು ಬರೆದು ಮುಗಿಸಿದ್ದು ಎಡಿನ್‌ಬರೋದ ಕ್ಯಾಸಲ್ ಬೀದಿಯ 39ನೆಯ ನಂಬರಿನ ಮನೆಯಲ್ಲಿ. ಆ ಬೇಸಗೆಯ ಸಂಜೆಗಳಲ್ಲಿ ಹಿಂಬದಿಯ ಒಂದು ಮನೆಯಲ್ಲಿ ಗೆಳೆಯರೊಡನೆ ಕುಳಿತಿದ್ದ ತರುಣನೊಬ್ಬನಿಗೆ ಎದುರಿನ ಕಿಟಕಿಯಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತಂತೆ. ಹಾಳೆಯ ಮೇಲೆ ಹಾಳೆ ಬರೆದು ರಾಶಿಗೆ ಸೇರಿಸುತ್ತ, ದೀಪ ಹಚ್ಚಿದ ಮೇಲೂ ನಿಲ್ಲದೆ ಓಡುವ ಆ ಕೈಯನ್ನು ಕಂಡು ಅವನಿಗೆ ಭಯವೇ ಆಯಿತೆಂದು ಸ್ಕಾಟನ ಅಳಿಯನಾದ ಲಾಕ್‌ಹಾರ್ಟನು ತಾನು ಬರೆದ ಚರಿತ್ರೆಯಲ್ಲಿ ತಿಳಿಸಿದ್ದಾನೆ. ಆ ಮನೆಯಲ್ಲಿ ಸ್ಕಾಟನು ಸುಮಾರು ಕಾಲು ಶತಮಾನ ಸಂಸಾರ ಮಾಡಿದನು. ಮಕ್ಕಳು ಬೆಳೆದದ್ದೂ ಅಲ್ಲಿಯೇ.

ಕೈ ಎಷ್ಟು ದುಡಿಯಿತೋ ಅಷ್ಟೇ ವೇಗವಾಗಿ ಹಣವೂ ಹರಿದು ಹೋಯಿತು. 1811ರಲ್ಲಿ ಟ್ವೀಡ್ ನದಿಯ ದಡದಲ್ಲಿ ಒಂದು ಸಣ್ಣ ಹೊಲವನ್ನು ಕೊಂಡು, ಅದಕ್ಕೆ ಆಬಟ್ಸ್‌ಫರ್ಡ್ ಎಂದು ಹೆಸರಿಟ್ಟನು. ವರ್ಷವರ್ಷವೂ ಸುತ್ತಲಿನ ಜಮೀನನ್ನು ಕೊಳ್ಳುತ್ತ, 1824ರ ಹೊತ್ತಿಗೆ ಅಲ್ಲಿ ಕೋಟೆಯಂಥ ಸೌಧವನ್ನು ಕಟ್ಟಿಸಿ ಮುಗಿಸಿದನು. ಇನ್ನೂ ಬರೆಯದ ಕಾದಂಬರಿಗಳಿಗೆ ಮುಂಗಡ ಪಡೆದು ಮರ ನೆಡಿಸಿದನು, ಗೋಡೆ ಎತ್ತಿಸಿದನು. ಇದು ಸಾಲದೆಂಬಂತೆ 1805ರಿಂದಲೂ ಬ್ಯಾಲಂಟೈನನ ಮುದ್ರಣಾಲಯದಲ್ಲಿ ಗುಟ್ಟಾಗಿ ಪಾಲುದಾರನಾಗಿದ್ದನು. ಮುದ್ರಣಾಲಯಕ್ಕೆ ಹಣ ಬೇಕಾದಾಗ ಪ್ರಕಾಶಕ ಕಾನ್‌ಸ್ಟಬಲ್ಲನು ಹುಂಡಿಗೆ ಸಹಿ ಹಾಕುವನು. ಅವನಿಗೆ ಬೇಕಾದಾಗ ಮುದ್ರಣಾಲಯವು ಸಹಿ ಹಾಕುವುದು. ಒಬ್ಬನ ಸಾಲಕ್ಕೆ ಮತ್ತೊಬ್ಬನು ಜಾಮೀನು, ಅವನ ಸಾಲಕ್ಕೆ ಇವನು ಜಾಮೀನು. ಒಂದು ಕಂಬ ಜಾರಿದರೆ ಚಪ್ಪರವೇ ಕುಸಿಯುವಂಥ ವ್ಯವಹಾರವದು.

1826ರ ಜನವರಿಯಲ್ಲಿ ಹಾಗೆಯೇ ಆಯಿತು. ಲಂಡನ್ನಿನ ಹಣದ ಪೇಟೆಯಲ್ಲಿ ಎದ್ದ ಬಿಕ್ಕಟ್ಟಿನಲ್ಲಿ ಅಲ್ಲಿನ ಹರ್ಸ್ಟ್ ರಾಬಿನ್‌ಸನ್ ಸಂಸ್ಥೆ ಬಿದ್ದಿತು. ಅದರೊಡನೆ ಕಾನ್‌ಸ್ಟಬಲ್, ಅವನೊಡನೆ ಬ್ಯಾಲಂಟೈನ್, ಅವನೊಡನೆ ಸ್ಕಾಟ್. ಲೆಕ್ಕ ಹಾಕಿದಾಗ ಸ್ಕಾಟನ ತಲೆಯ ಮೇಲೆ ಬಂದ ಸಾಲ ಸುಮಾರು 1,20,000 ಪೌಂಡ್. ಆಗ ಅವನಿಗೆ ಐವತ್ತನಾಲ್ಕು ವರ್ಷ.

ದಿವಾಳಿ ಎಂದು ಸಾರಿ, ಇದ್ದುದನ್ನು ಹಂಚಿ, ಕೈ ತೊಳೆದುಕೊಳ್ಳಲು ಕಾನೂನಿನಲ್ಲಿ ದಾರಿಯಿತ್ತು. ಸ್ಕಾಟನು ಅದನ್ನು ಹಿಡಿಯಲಿಲ್ಲ. ನೆರವು ನೀಡಲು ಬಂದವರೂ ಇದ್ದರು. ಅವನ ಮನೆಯಲ್ಲಿ ಹಾರ್ಪ್ ವಾದ್ಯವನ್ನು ಕಲಿಸಿದ್ದ ಬಡ ಮೇಷ್ಟರೊಬ್ಬನು ತನ್ನ ಬಾಳಿನ ಉಳಿತಾಯವಾದ ಐದಾರು ನೂರು ಪೌಂಡುಗಳನ್ನು ಕೊಡಲು ಮುಂದಾದನು. ಸ್ಕಾಟನ ಕಣ್ಣು ತುಂಬಿರಬೇಕು; ಆದರೆ ಹಣವನ್ನು ಮುಟ್ಟಲಿಲ್ಲ. ತನ್ನ ಆಸ್ತಿಯನ್ನೂ ಇನ್ನು ಮುಂದೆ ಬರೆಯುವ ಪುಸ್ತಕಗಳ ಆದಾಯವನ್ನೂ ಧರ್ಮದರ್ಶಿಗಳಿಗೆ ಬರೆದುಕೊಟ್ಟು, ಪೂರ್ತಿ ಸಾಲವನ್ನು ತೀರಿಸುವೆನೆಂದು ಒಪ್ಪಿಕೊಂಡನು. ಸಾಲ ಕೊಟ್ಟವರೂ ವಿವೇಕಿಗಳು. ಅವನ ಸರಕಾರಿ ಸಂಬಳಕ್ಕೆ ಕೈ ಹಾಕದೆ, ಬರೆಯುವುದಕ್ಕೆ ಅವನನ್ನು ಬಿಟ್ಟರು. ಉಳುವ ಎತ್ತನ್ನೇ ಜಪ್ತಿ ಮಾಡಿದರೆ ಬೆಳೆ ಎಲ್ಲಿಂದ ಬಂದೀತು?

ಮೊದಲು ಹೋದದ್ದು ಕ್ಯಾಸಲ್ ಬೀದಿಯ ಮನೆ. 1826ರ ಮಾರ್ಚ್ ತಿಂಗಳಲ್ಲಿ ಅದನ್ನು ಮಾರಾಟಕ್ಕೆ ಬಿಟ್ಟು ಹೊರಟನು. ಕೋರ್ಟಿನ ಕೆಲಸಕ್ಕಾಗಿ ನಗರಕ್ಕೆ ಬಂದಾಗ ಬಾಡಿಗೆಯ ಕೋಣೆಯಲ್ಲಿ ಇಳಿದುಕೊಂಡನು. ಮೇ 15ರಂದು ಆಬಟ್ಸ್‌ಫರ್ಡಿನಲ್ಲಿ ಹೆಂಡತಿ ತೀರಿಕೊಂಡಾಗಲೂ ಅವನಿದ್ದದ್ದು ಅಂಥ ಕೋಣೆಯಲ್ಲಿಯೇ.

ಇಲ್ಲಿ ನನ್ನ ಮನೆಯ ಮಾತನ್ನು ಸ್ವಲ್ಪ ಹೇಳಬೇಕು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಪಿ.ಯು.ಸಿ. ಓದುತ್ತಿದ್ದಾಗ, ಕೊಳವೆಬಾವಿಗೆಂದು ಮಾಡಿದ ಸಾಲವನ್ನು ತೀರಿಸಲು ತಂದೆಯವರು ಊರೊಳಗಿನ ಹಿರಿಯರ ಮನೆಯನ್ನು ಮಾರಿದರು. ಹಣ ಕೈಗೆ ಬಂದ ದಿನವೇ ಸಾಲ ಕಟ್ಟಿ, ಪತ್ರ ಬಿಡಿಸಿಕೊಂಡು ಬಂದರು. ನಾವು ಹೊಲದಲ್ಲಿ ಹಾಕಿದ ಶೀಟಿನ ಮನೆಗೆ ಹೋದೆವು. ಮನೆ ಮಾರಿಕೊಂಡವನೆಂದು ಬೆನ್ನ ಹಿಂದೆ ಆಡಿಕೊಂಡವರುಂಟು. ಅದೇ ಊರಿನಲ್ಲಿ, ಮನೆ ಮಾರಿದ ಹಣದಲ್ಲಿ ಅರ್ಧವನ್ನು ಸಾಲಕ್ಕೆ ಕಟ್ಟಿ, ಉಳಿದರ್ಧದಲ್ಲಿ ಅದ್ದೂರಿಯ ಮದುವೆ ಮಾಡಿ, ಮರುವರ್ಷ ಮತ್ತೆ ಬಡ್ಡಿಗೆ ಹೋದವರನ್ನೂ ಕಂಡಿದ್ದೇನೆ. ಆದ್ದರಿಂದ ಮನೆ ಮಾರುವುದೇ ಋಣಮುಕ್ತಿಯೆಂದು ನಾನು ಹೇಳಲಾರೆ. ಮಾರಿದ ಹಣ ಎಲ್ಲಿಗೆ ಹೋಯಿತು, ಮಾರಿದ ಮರುದಿನದಿಂದ ಮನುಷ್ಯ ಹೇಗೆ ಬದುಕಿದ ಎಂಬುದೇ ಮುಖ್ಯ.

ಸ್ಕಾಟನ ಕಥೆಯ ತಿರುಳೂ ಇದೇ. ಆ ದೊಡ್ಡ ಸಾಲದ ಮುಂದೆ ಮನೆಯ ಬೆಲೆ ಅಲ್ಪ. ಆದರೆ ಅದು ಅವನ ಕೈ ಸೇರದೆ ನೇರವಾಗಿ ಸಾಲಕ್ಕೆ ಹೋಯಿತು. ಮಿಕ್ಕದ್ದನ್ನು ತೀರಿಸಿದ್ದು ಕಿಟಕಿಯಲ್ಲಿ ಕಂಡ ಆ ಕೈ. 1826ರಲ್ಲಿಯೇ ‘ವುಡ್‌ಸ್ಟಾಕ್’ ಮುಗಿಯಿತು. 1827ರಲ್ಲಿ ಒಂಬತ್ತು ಸಂಪುಟಗಳ ನೆಪೋಲಿಯನ್ನನ ಚರಿತ್ರೆ ಹೊರಬಿತ್ತು. ಅದೇ ವರ್ಷ ಬರೆದ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆಯಲ್ಲಿ ನಮ್ಮ ಹೈದರಾಲಿಯೂ ಟಿಪ್ಪುವೂ ಬೆಂಗಳೂರೂ ಬರುತ್ತವೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಇಲ್ಲಿದ್ದು ಹೋಗಿದ್ದ ಸೈನಿಕ ಮಿತ್ರನನ್ನು ಕೇಳಿ ಬರೆದನು. ಎಡಿನ್‌ಬರೋದ ಸಾಲಕ್ಕೆ ಮೈಸೂರು ಸೀಮೆಯ ಕಥೆಯೂ ಒಂದು ಕಂತಾಯಿತೆಂಬುದು ಕನ್ನಡಿಗರಿಗೆ ಸ್ವಾರಸ್ಯದ ಸಂಗತಿ.

ಎರಡು ವರ್ಷಗಳಲ್ಲಿ ಸುಮಾರು 40,000 ಪೌಂಡ್ ಸಂದಾಯವಾಯಿತು. ಇಪ್ಪತ್ತು ಷಿಲಿಂಗಿನ ಪ್ರತಿ ಪೌಂಡಿಗೂ ಆರು ಷಿಲಿಂಗ್ ಹಂಚಿಕೆಯಾಯಿತು. 1830ರಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ತೊದಲಿದರೂ ಬರಹ ನಿಲ್ಲಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಹಂಚಿಕೆಯಾದಾಗ, ಸಾಲ ಕೊಟ್ಟವರು ಅವನ ಪುಸ್ತಕ ಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಕಾಣಿಕೆಯಾಗಿ ಬಿಟ್ಟುಕೊಟ್ಟರು.

ಒಂದು ಆಕ್ಷೇಪವನ್ನು ಮರೆಮಾಚಬಾರದು. ದುರಂತಕ್ಕೆ ಒಂದು ವರ್ಷ ಮೊದಲು, ಹಿರಿಯ ಮಗನ ಮದುವೆಯ ಸಮಯದಲ್ಲಿ, ಆಬಟ್ಸ್‌ಫರ್ಡನ್ನು ಸ್ಕಾಟನು ಆ ಮಗನ ಹೆಸರಿಗೆ ಬರೆದಿದ್ದನು. ಆದ್ದರಿಂದ ನಗರದ ಮನೆ ಹೋದರೂ ಸೌಧ ಉಳಿಯಿತು. ಇದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಮಾತೂ ಎದ್ದಿತ್ತು. ದುರಾಸೆಯಿಂದ ಕಟ್ಟಿದ್ದು ಉಳಿದು, ಬಾಳಿದ ಮನೆ ಹೋದದ್ದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಉಳಿದ ಸೌಧದಲ್ಲಿ ಅವನು ಸುಖಪಡಲಿಲ್ಲ, ದುಡಿದನು ಎಂದಷ್ಟೇ ಹೇಳಬಲ್ಲೆ.

1831ರಲ್ಲಿ ಆರೋಗ್ಯಕ್ಕಾಗಿ ಮಾಲ್ಟಾ, ನೇಪಲ್ಸ್‌ಗಳಿಗೆ ಹೋದನು, ಗುಣವಾಗಲಿಲ್ಲ. ಊರಿಗೆ ಮರಳಿ, 1832ರ ಸೆಪ್ಟೆಂಬರ್ 21ರಂದು ಟ್ವೀಡ್ ನದಿಯ ಬಳಿಯ ಅದೇ ಮನೆಯಲ್ಲಿ ಕಣ್ಣು ಮುಚ್ಚಿದನು. ಆಗ ಇನ್ನೂ ಸುಮಾರು 54,000 ಪೌಂಡ್ ಬಾಕಿಯಿತ್ತು. ಅವನ ಜೀವವಿಮೆಯಿಂದ 22,000 ಪೌಂಡ್ ಬಂದಿತು. ಪ್ರಕಾಶಕ ಕ್ಯಾಡೆಲ್ಲನು ಪುಸ್ತಕಗಳ ಹಕ್ಕಿನ ಆಧಾರದ ಮೇಲೆ ಉಳಿದದ್ದನ್ನು ಮುಂಗಡವಾಗಿ ಕೊಟ್ಟನು. ಹೀಗೆ 1833ರಲ್ಲಿ ಸಾಲ ಕೊಟ್ಟವರೆಲ್ಲರ ಹಣ ಸಂದಿತು. ಕ್ಯಾಡೆಲ್ಲನ ಬಾಕಿ ತೀರಿದ್ದು 1847ರಲ್ಲಿ. ಆಬಟ್ಸ್‌ಫರ್ಡಿನ ವಾರಸುದಾರನಾದ ಹಿರಿಯ ಮಗನು ಆ ದಿನವನ್ನು ಕಾಣಲಿಲ್ಲ. ಸೈನ್ಯಾಧಿಕಾರಿಯಾಗಿ ನಮ್ಮ ನಾಡಿಗೆ ಬಂದಿದ್ದ ಅವನು ಬೆಂಗಳೂರಿನಲ್ಲಿ ಜ್ವರಬಿದ್ದು, ಸ್ವದೇಶಕ್ಕೆ ಮರಳುವಾಗ ಅದೇ ವರ್ಷದ ಫೆಬ್ರವರಿಯಲ್ಲಿ ಹಡಗಿನಲ್ಲಿಯೇ ತೀರಿಕೊಂಡನು.

ಸಹಪಾಠಿಗಳೇ, ನಾಳೆ ನಾವೂ ಸಂಬಳ ತರುವವರು, ಜಾಮೀನಿಗೆ ಸಹಿ ಹಾಕುವವರು, ಮನೆ ಕಟ್ಟಲು ಸಾಲ ಮಾಡುವವರು. ಹುಂಡಿಗೆ ಸಹಿ ಹಾಕುವಾಗ ಸ್ಕಾಟನು ತೋರಿದ ಅಜಾಗ್ರತೆ ನಮಗೆ ಬೇಡ. ಹಾಗೊಮ್ಮೆ ಹೊರೆ ಬಿದ್ದರೆ, ಇದ್ದುದನ್ನು ಮಾರಿ ಕೊಡುವುದಕ್ಕೆ ನಾಚಬೇಕಾಗಿಲ್ಲ. ಮಾರಿದ ಮೇಲೆ ಕೈ ಕಟ್ಟಿ ಕುಳಿತರೆ ಮಾತ್ರ ನಾಚಬೇಕು.